ಚಿಗವ್ವನ ದ್ರಾಕ್ಷಿ ಪಡಕ್ಕೆ ಮಕ್ಕಳನ್ನು ಕರೆದೊಯ್ಯುವ ಮುಂಚೆ

ಓದುಗರ ಪ್ರಶ್ನೆ:

ನಾವು ಬೆಂಗಳೂರಿನಲ್ಲಿದ್ದೇವೆ. ನನ್ನ ತಾಯಿಯ ತಂಗಿ, ಅಂದರೆ ಚಿಗವ್ವ, ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ತೋಟದಲ್ಲೇ ಮನೆ ಮಾಡಿಕೊಂಡಿದ್ದಾಳೆ. ಎಂಟು ಎಕರೆ ದ್ರಾಕ್ಷಿ ಪಡ, ಅಂದರೆ ದ್ರಾಕ್ಷಿ ತೋಟ. ಆರು ಎಕರೆ ಮನೂಕಕ್ಕೆ (ಒಣದ್ರಾಕ್ಷಿಗೆ), ಎರಡು ಎಕರೆ ಕರಾರಿನ ಮೇಲೆ ವೈನ್ ಕಾರ್ಖಾನೆಗೆ. ಕಾರಿನಲ್ಲಿ ಹೋಗಿ ನಾಲ್ಕು ದಿನ ಇದ್ದು ಬರುವ ಆಸೆ. ದಸರಾ ರಜೆಗೋ, ಫೆಬ್ರುವರಿ–ಮಾರ್ಚ್‌ಗೋ ಇನ್ನೂ ತೀರ್ಮಾನಿಸಿಲ್ಲ. ಜೊತೆಗೆ ನನ್ನ ಗಂಡ, ಐದು ವರ್ಷದ ಮಗಳು, ಎರಡು ವರ್ಷದ ಮಗ, ಸಕ್ಕರೆ ಕಾಯಿಲೆ ಇರುವ ಅತ್ತೆ. ಮಗಳಿಗೆ ಉಬ್ಬಸವಿದೆ, ಇನ್‌ಹೇಲರ್ ಬಳಸುತ್ತೇವೆ. ದ್ರಾಕ್ಷಿಗೆ ಲೆಕ್ಕವಿಲ್ಲದಷ್ಟು ವಿಷ ಹೊಡೆಯುತ್ತಾರೆ, ಹಣ್ಣಿನ ಮೇಲಿನ ಬಿಳಿ ಪುಡಿಯೇ ಆ ವಿಷ, ಗಾತ್ರ ಬರಲು ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ, ಬೆಳೆದವರು ತಮಗೆ ಬೇರೆ ಸಾಲು ಇಟ್ಟುಕೊಳ್ಳುತ್ತಾರೆ ಎಂದೆಲ್ಲ ವಾಟ್ಸ್ಆ್ಯಪ್‌ನಲ್ಲಿ ಓದಿದ್ದೇನೆ. ಹೋದ ವರ್ಷ ಒಂದು ಮದುವೆಗೆ ಚಿಗವ್ವ ಹಣ್ಣು ತಂದಿದ್ದಾಗ ಮಗಳ ಕೈಯಿಂದ ಗೊಂಚಲು ಕಸಿದುಕೊಂಡೆ. “ನಮ್ಮ ಪಡದ ಹಣ್ಣು ವಿಷ ಅಂತಿಯೇನು?” ಎಂದು ಆಕೆ ಕಣ್ಣೀರು ಹಾಕಿದಳು. ಈ ಸಲ ಆಕೆಯ ಮನಸ್ಸು ನೋಯಿಸಬಾರದು, ಮಕ್ಕಳಿಗೂ ಏನೂ ಆಗಬಾರದು. ಏನು ಮಾಡಲಿ? ಬರುವಾಗ ಇಪ್ಪತ್ತು ಕಿಲೋ ಹಣ್ಣು, ಮನೂಕ, ಚಿಗವ್ವನ ಗಂಡ ಕಾಕಾ ಮಾಡಿಟ್ಟ ವೈನ್ ಕೊಟ್ಟೇ ಕಳಿಸುತ್ತಾರೆ. ಅದನ್ನೆಲ್ಲ ತರಬಹುದೇ?

ಉತ್ತರ:

ಹೋಗಿ ಬನ್ನಿ. ದಸರಾಕ್ಕೆ ಬೇಡ, ಫೆಬ್ರುವರಿ ಕೊನೆಗೆ ಇಲ್ಲವೇ ಮಾರ್ಚ್ ಮೊದಲ ವಾರಕ್ಕೆ ಹೋಗಿ. ಮಕ್ಕಳು ಪಡದ ಹಣ್ಣು ತಿನ್ನಲಿ. ಹೊರಡುವ ಮುಂಚೆ ಮಾತ್ರ ಫೋನಿನಲ್ಲಿ ಒಂದು ಮಾತು ಕೇಳಿಕೊಳ್ಳಿ: ಕಡೆಯ ಔಷಧಿ ಯಾವತ್ತು ಹೊಡೆದದ್ದು, ಯಾವುದು ಹೊಡೆದದ್ದು?

ವಿಜಯಪುರ, ಅಥಣಿ, ಜಮಖಂಡಿ ಭಾಗದ ಪಡಗಳಲ್ಲಿ ಸಲಹೆ ಕೊಡುತ್ತ ಇಪ್ಪತ್ತೆರಡು ವರ್ಷ ತಿರುಗಿದ್ದೇನೆ. ಈ ಪ್ರಶ್ನೆ ಕೇಳಿದ್ದಕ್ಕೆ ಬೇಸರ ಮಾಡಿಕೊಂಡ ಬೆಳೆಗಾರನನ್ನು ನಾನು ಕಂಡಿಲ್ಲ. ಗೊಂಚಲು ಕಸಿದುಕೊಂಡರೆ ಅವರಿಗೆ ನೋವಾಗುತ್ತದೆ. ಲೆಕ್ಕ ಕೇಳಿದರೆ ಖುಷಿಯಾಗುತ್ತದೆ, ಏಕೆಂದರೆ ಆ ಲೆಕ್ಕ ಅವರ ಬಳಿ ಇರುತ್ತದೆ. ಬಹುತೇಕ ಪಡಗಳ ಪಂಪ್‌ಸೆಟ್ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಒಂದು ನೋಟ್‌ಬುಕ್ ಇರುತ್ತದೆ. ಮಕ್ಕಳು ಅರ್ಧ ಬರೆದು ಬಿಟ್ಟ ಶಾಲೆಯ ನೋಟ್‌ಬುಕ್ಕೇ ಹೆಚ್ಚು, ಪೆನ್ನು ದಾರದಲ್ಲಿ ಕಟ್ಟಿರುತ್ತದೆ. ಎಡಗಡೆ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆಗಿ ಎಷ್ಟನೇ ದಿನ ಎಂಬ ಸಂಖ್ಯೆ, ಮಧ್ಯೆ ಔಷಧಿಯ ಹೆಸರು, ಬಲಗಡೆ ಎಕರೆಗೆ ಎಷ್ಟು ಲೀಟರ್ ನೀರು. ನಿಮ್ಮ ಕಾಕಾ ಎಂಟು ಎಕರೆ ಮಾಡುತ್ತಾರೆ, ಅದರಲ್ಲೂ ಎರಡು ಎಕರೆ ಕಾರ್ಖಾನೆಯ ಕರಾರಿಗಿದೆ ಎಂದ ಮೇಲೆ ಆ ನೋಟ್‌ಬುಕ್ ಅವರಲ್ಲಿ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ.

ಈ ಬರೆದಿಡುವ ರೂಢಿ ಪೆಟ್ಟು ತಿಂದು ಬಂದದ್ದು. 2010ರಲ್ಲಿ ಯೂರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ತಡೆಯುವ ರಾಸಾಯನಿಕದ ಉಳಿಕೆ ಸಿಕ್ಕಿ ಸರಕು ತಿರಸ್ಕೃತವಾಯಿತು. ಅದು ಕೊಯ್ಲಿಗೆ ತಿಂಗಳುಗಳ ಮುಂಚೆ, ಬಳ್ಳಿ ಅತಿಯಾಗಿ ಚಿಗುರದಿರಲಿ ಎಂದು ಬಳಸಿದ್ದು. ಆ ವರ್ಷ ಮಹಾರಾಷ್ಟ್ರದ ಬೆಳೆಗಾರರಿಗೆ ಬಿದ್ದ ಹೊಡೆತದ ಸುದ್ದಿ ನಮ್ಮ ಕಡೆಯ ಕಟ್ಟೆಕಟ್ಟೆಯ ಮೇಲೂ ಚರ್ಚೆಯಾಯಿತು. ಯಾವತ್ತು ಏನು ಹೊಡೆದೆ ಎಂದು ಬರೆದಿಡದವನಿಗೆ ಮಾರುಕಟ್ಟೆಯಿಲ್ಲ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಈಗ ದಸರಾ ಯಾಕೆ ಬೇಡ ಎಂಬ ಮಾತು. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಎಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಕತ್ತರಿಸಿ ಕಡ್ಡಿ ಬೆಳೆಸುತ್ತಾರೆ, ಅಕ್ಟೋಬರ್ ಚಾಟ್ನಿಯಲ್ಲಿ ಅದೇ ಕಡ್ಡಿಯನ್ನು ಕತ್ತರಿಸಿ ಹಣ್ಣು ತರಿಸುತ್ತಾರೆ. ದಸರಾ ಬರುವುದು ಸರಿಯಾಗಿ ಆ ಎರಡನೆಯ ಚಾಟ್ನಿಯ ಹೊತ್ತಿಗೆ. ಗೊಂಚಲು ತೂಗುವ ಚಪ್ಪರದ ಕೆಳಗೆ ಫೋಟೊ ತೆಗೆಸಿಕೊಳ್ಳುವ ಕನಸು ಹೊತ್ತು ಅಕ್ಟೋಬರಿನಲ್ಲಿ ಬಂದವರಿಗೆ ಕಾಣುವುದು ಬೋಳು ಕಡ್ಡಿ ಇಲ್ಲವೇ ಗೇಣುದ್ದದ ಚಿಗುರು. ಔಷಧಿ ಅತಿ ಹೆಚ್ಚು ಬೀಳುವ ಕಾಲವೂ ಅದೇ. ಹಿಂಗಾರು ಮಳೆ, ಬೆಳಗಿನ ಇಬ್ಬನಿ, ಎಳೆ ಎಲೆ ಮೂರೂ ಕೂಡಿದರೆ ಡೌನಿ ಎಂಬ ಬೂಜು ರೋಗ ಎರಡೇ ರಾತ್ರಿಯಲ್ಲಿ ಪಡ ನುಂಗಿಬಿಡುತ್ತದೆ. ಮಳೆ ಹಿಡಿದ ವಾರದಲ್ಲಿ ಬೆಳೆಗಾರ ದಿನ ಬಿಟ್ಟು ದಿನ ಬ್ಲೋವರ್ (ಔಷಧಿ ಸಿಂಪಡಿಸುವ ಯಂತ್ರ) ಓಡಿಸುವುದನ್ನು ನೋಡಿದ್ದೇನೆ.

ಚಾಟ್ನಿಯಾದ ಒಂದೆರಡು ದಿನದಲ್ಲಿ ಚಿಗುರಿನ ಕಣ್ಣು ಒಡೆಯಲೆಂದು ಕಡ್ಡಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಪೇಸ್ಟ್ ಹಚ್ಚುವುದು ಎನ್ನುತ್ತಾರೆ ನಮ್ಮಲ್ಲಿ. ಚರ್ಮಕ್ಕೂ ಕಣ್ಣಿಗೂ ಅದು ತೀರಾ ಕೆಟ್ಟದ್ದು. ಅದನ್ನು ಹಚ್ಚಿದವರು ಅವತ್ತು, ಮುಂದಿನ ಕೆಲವು ದಿನ ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ಉಸಿರು ಸಿಗದೆ ಆಸ್ಪತ್ರೆ ಸೇರಬೇಕಾಗಬಹುದು. ಆ ರಾಸಾಯನಿಕ ಮೈಯಲ್ಲಿ ಮದ್ಯ ಕರಗುವ ದಾರಿಯನ್ನೇ ಕಟ್ಟಿಹಾಕುತ್ತದೆ. ಹಬ್ಬಕ್ಕೆ ಬಂದ ಅಳಿಯಂದಿರು ಹುರುಪಿನಲ್ಲಿ ಹಗಲು ಪೇಸ್ಟ್ ಹಚ್ಚಲು ನಿಂತು ಸಂಜೆ ಗ್ಲಾಸ್ ಹಿಡಿಯುವುದುಂಟು. ನಿಮ್ಮ ಯಜಮಾನರು ಎಂದಾದರೂ ಅಕ್ಟೋಬರಿನಲ್ಲಿ ಹೋದರೆ ಇದು ನೆನಪಿರಲಿ.

ಫೆಬ್ರುವರಿ–ಮಾರ್ಚ್‌ಗೆ ಚಿತ್ರವೇ ಬದಲಾಗಿರುತ್ತದೆ. ಅಕ್ಟೋಬರ್ ಹತ್ತರ ಚಾಟ್ನಿ ಎಂದುಕೊಂಡರೆ ನೂರಮೂವತ್ತು ದಿನಕ್ಕೆ, ಅಂದರೆ ಫೆಬ್ರುವರಿ ಮೂರನೇ ವಾರಕ್ಕೆ, ಹಣ್ಣು ತಿನ್ನಲು ಸಿದ್ಧ. ಮನೂಕಕ್ಕೆ ಸಕ್ಕರೆ ಇನ್ನೂ ಏರಬೇಕು, 22 ಬ್ರಿಕ್ಸ್ (ರಸದ ಸಿಹಿಯ ಅಳತೆ) ದಾಟಬೇಕು. ಹಾಗಾಗಿ ಆ ಪಡ ಮಾರ್ಚ್‌ವರೆಗೂ ನಿಲ್ಲುತ್ತದೆ. ಹಣ್ಣು ಪಕ್ವವಾಗುತ್ತ ಬಂದ ಹಾಗೆ ಔಷಧಿ ತಾನಾಗಿ ಕಡಿಮೆಯಾಗುತ್ತದೆ. ಹವೆ ಒಣಗಿರುತ್ತದೆ, ಡೌನಿ ಇರುವುದಿಲ್ಲ, ಖರ್ಚು ಮಾಡಲು ಯಾರಿಗೂ ಮನಸ್ಸಿರುವುದಿಲ್ಲ.

ನೀವು ಬರೆದ ಭಯಗಳನ್ನು ಒಂದೊಂದಾಗಿ ನೋಡೋಣ. ಬಿಳಿ ಪುಡಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲೇ.

ಹಣ್ಣಿನ ಮೇಲೆ ಕಾಣುವ ಬಿಳುಪು ನಾಲ್ಕು ಬಗೆಯದು. ಕಾಳನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ. ಕಾಳಿನ ತುಂಬ ಒಂದೇ ಸಮನಾಗಿ ಹರಡಿದ ತೆಳು ಮಬ್ಬು ಬೆರಳು ಹೋದಲ್ಲಿ ಅಳಿಸಿ ಹೊಳೆಯುವ ಸಿಪ್ಪೆ ಕಂಡರೆ ಅದು ಮೇಣ. ಬಳ್ಳಿಯೇ ಹಣ್ಣಿಗೆ ಹೊದಿಸಿದ ಹೊದಿಕೆ, ಒಳಗಿನ ನೀರು ಆರದಂತೆ ಕಾಯುತ್ತದೆ. ಕೈ ತಾಗಿದರೆ ಹೋಗುವುದರಿಂದ, ಮೇಣ ಕೆಡದ ಗೊಂಚಲಿಗೆ ವ್ಯಾಪಾರಿ ಹೆಚ್ಚು ಬೆಲೆ ಕೊಡುತ್ತಾನೆ. ನೀವು ವಿಷವೆಂದು ಹೆದರಿದ್ದು ಬಹುಶಃ ಇದಕ್ಕೇ.

ಎರಡನೆಯದು ಒಣಗಿದ ಹನಿಯ ಗುರುತು. ಇದು ಸಮನಾಗಿರುವುದಿಲ್ಲ, ಅಂಚು ಕಟ್ಟಿದ ಚುಕ್ಕೆಯಾಗಿರುತ್ತದೆ ಅಥವಾ ಹನಿ ಇಳಿದು ನಿಂತ ಕಾಳಿನ ಬುಡದಲ್ಲಿ ಉಂಗುರವಾಗಿರುತ್ತದೆ. ತಾಮ್ರದ ಔಷಧಿಯಾದರೆ ನೀಲಿ ಛಾಯೆ. ಇದು ಔಷಧಿಯ ಉಳಿಕೆ. ಗಡಸು ನೀರಿನ ಸುಣ್ಣವೂ ಹೀಗೇ ಕಾಣುತ್ತದೆ, ನಮ್ಮ ಬೋರ್‌ವೆಲ್ ನೀರು ಎಂಥದ್ದೆಂದು ಚಿಗವ್ವನ ಮನೆಯ ಬಚ್ಚಲ ಹಂಡೆ ನೋಡಿದರೆ ತಿಳಿಯುತ್ತದೆ. ಮೂರನೆಯದು ಬೂದಿ ರೋಗ. ಬೂದು ಬಣ್ಣದ ಪುಡಿ, ಒರೆಸಿದರೆ ಕೆಳಗೆ ಕಂದು ಕಲೆ, ಕಾಳು ಸೀಳಿರಲೂಬಹುದು. ನಾಲ್ಕನೆಯದು ಗೊಂಚಲಿನ ಒಳಗೆ ಹತ್ತಿಯ ಎಳೆಯಂತೆ ಅಂಟಿಕೊಂಡ ಹಿಟ್ಟು ತಿಗಣೆ. ಮುಟ್ಟಿದರೆ ಜಿಗುಟು. ರೋಗವಾಗಲಿ ತಿಗಣೆಯಾಗಲಿ ನಮಗೆ ವಿಷವಲ್ಲ, ಆದರೂ ಅಂಥ ಗೊಂಚಲು ಮಕ್ಕಳಿಗೆ ಬೇಡ. ತಿಗಣೆ ಕಂಡ ಬೆಳೆಗಾರ ಕೊಯ್ಲು ಹತ್ತಿರವಿದ್ದರೂ ಕೀಟನಾಶಕ ಹೊಡೆಯುವ ಆಸೆಗೆ ಬೀಳುತ್ತಾನೆ, ಅಲ್ಲಿಯೇ ನಿಜವಾದ ಅಪಾಯ.

ಬಿಳುಪು ಕಂಡರೆ ಅಪಾಯವೆಂದಲ್ಲ, ಕಾಣದಿದ್ದರೆ ಸುರಕ್ಷಿತವೆಂದೂ ಅಲ್ಲ. ಕೆಲವು ಔಷಧಿ ಸಿಪ್ಪೆಯ ಮೇಲೆಯೇ ಕೂರುತ್ತವೆ, ತೊಳೆದರೆ ಬಹಳಷ್ಟು ಹೋಗುತ್ತವೆ. ಕೆಲವು ಗಿಡದ ಒಳಕ್ಕೆ ಇಳಿಯುತ್ತವೆ. ಅವನ್ನು ಉಪ್ಪು ನೀರು, ಅಡುಗೆ ಸೋಡಾ, ಅರಿಶಿನದ ನೀರು, ಅಂಗಡಿಯಲ್ಲಿ ಸಿಗುವ ತರಕಾರಿ ತೊಳೆಯುವ ದ್ರವ ಯಾವುದೂ ಹೊರತೆಗೆಯಲಾರದು. ಒಳಗಿಳಿದದ್ದನ್ನು ಕರಗಿಸುವುದು ಬಿಸಿಲು, ಗಿಡದ ಸ್ವಂತ ರಸಕ್ರಿಯೆ ಮತ್ತು ಕಳೆದ ದಿನಗಳು. ಅದಕ್ಕೇ ಪ್ರತಿ ಔಷಧಿಗೂ ಕಡೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಕಾಯಬೇಕಾದ ದಿನಗಳನ್ನು ಗೊತ್ತುಪಡಿಸಿದ್ದಾರೆ. ಕೆಲವಕ್ಕೆ ಕೆಲವೇ ದಿನ ಸಾಕು, ಕೆಲವಕ್ಕೆ ಎರಡು ತಿಂಗಳು ಬೇಕು. ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಈ ಪಟ್ಟಿಯನ್ನು ಪ್ರಕಟಿಸುತ್ತದೆ, ನಮ್ಮ ಬೆಳೆಗಾರರ ಫೋನಿನಲ್ಲಿ ಅದು ಓಡಾಡುತ್ತಿರುತ್ತದೆ. ಕಾಕಾ ಹೇಳಿದ ಹೆಸರು ಮತ್ತು ತಾರೀಖನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಎರಡು ನಿಮಿಷದ ಕೆಲಸ. ಪಟ್ಟಿ ಸಿಗದಿದ್ದರೆ ಡಬ್ಬಿಯ ಚೀಟಿ ನೋಡಿ.

ಇಂಜೆಕ್ಷನ್ ಕಥೆಗೆ ಬುಡವಿಲ್ಲ. ಒಂದು ಎಕರೆಯ ಗೊಂಚಲುಗಳಿಗೆ ಸೂಜಿ ಚುಚ್ಚಲು ಊರೆಲ್ಲ ಬಂದರೂ ಸಾಲದು. ಬೆಳೆಗಾರರು ಬಳಸುವುದು ಜಿಬ್ಬರೆಲಿಕ್ ಆಮ್ಲ. ಕಾಳು ಜೋಳದಷ್ಟಿದ್ದಾಗ ಗೊಂಚಲನ್ನು ಮಗ್ಗಿನಲ್ಲಿ ಅದ್ದಿ ತೆಗೆಯುತ್ತಾರೆ, ಇದೇ ಡಿಪ್ಪಿಂಗ್. ಗಿಡಗಳು ತಮ್ಮೊಳಗೆ ತಾವೇ ತಯಾರಿಸುವ ವಸ್ತು ಅದು, ಬೀಜವಿಲ್ಲದ ದ್ರಾಕ್ಷಿಯಲ್ಲಿ ಕಡಿಮೆ ಇರುವುದರಿಂದ ಹೊರಗಿನಿಂದ ಕೊಡುತ್ತಾರೆ. ಮನುಷ್ಯರ ಹಾರ್ಮೋನಿಗೂ ಅದಕ್ಕೂ ಸಂಬಂಧವಿಲ್ಲ. ಅದ್ದುವುದಕ್ಕೂ ನೀವು ತಿನ್ನುವುದಕ್ಕೂ ನಡುವೆ ಎರಡು ತಿಂಗಳಿಗೂ ಹೆಚ್ಚು ಅಂತರವಿರುತ್ತದೆ.

ತಮಗಾಗಿ ಬೇರೆ ಸಾಲು ಇಟ್ಟುಕೊಳ್ಳುತ್ತಾರೆ ಎಂಬ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ನಮ್ಮ ಹವೆಯಲ್ಲಿ ಏನೂ ಹೊಡೆಯದೆ ಬಿಟ್ಟ ಸಾಲಿನಲ್ಲಿ ತಿನ್ನುವ ಹಣ್ಣು ಉಳಿಯುವುದು ತೀರಾ ಕಷ್ಟ, ಉಳಿದ ರೋಗ ಪಕ್ಕದ ಸಾಲಿಗೂ ಹಬ್ಬುತ್ತದೆ. ಸಾವಯವದವರೂ ಗಂಧಕ, ಬೋರ್ಡೋ ದ್ರಾವಣ ಬಳಸುತ್ತಾರೆ. ಈ ಬೋರ್ಡೋ ದ್ರಾವಣ ಹುಟ್ಟಿದ ಬಗೆ ನಿಮ್ಮಂಥ ಪ್ರವಾಸಿಗರಿಗೆ ತಿಳಿದಿರಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಡೌನಿ ಬಂದಿಲ್ಲವೆಂಬುದನ್ನು ಮಿಯಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನೇ ಮದ್ದಾಗಿ ಪ್ರಕಟಿಸಿದ. ಇಂದಿಗೂ ಚಿಗವ್ವನ ಪಡದಲ್ಲಿ ಅದೇ ಮದ್ದು ನಡೆಯುತ್ತಿದೆ. ಕೊಯ್ಲಿನ ದಿನ ಪಡಕ್ಕೆ ಹೋಗಿ ನೋಡಿ, ಕೊಯ್ಯುವ ಹೆಣ್ಣುಮಕ್ಕಳು, ಅವರ ಕೂಸುಗಳು, ಕಾಕಾ ಎಲ್ಲರೂ ಅದೇ ಸಾಲಿನ ಹಣ್ಣನ್ನೇ ಬಾಯಿಗೆ ಹಾಕಿಕೊಳ್ಳುತ್ತಿರುತ್ತಾರೆ.

ಹಾಗೆಂದು ಪಡದಲ್ಲಿ ಅಪಾಯವೇ ಇಲ್ಲ ಎನ್ನಲಾರೆ. ನಾನು ಕಂಡ ತೊಂದರೆಗಳು ಹೆಚ್ಚಾಗಿ ಹಣ್ಣಿನಿಂದ ಬಂದವಲ್ಲ, ಹೊತ್ತುಗೊತ್ತಿಲ್ಲದೆ ಪಡದೊಳಗೆ ಹೊಕ್ಕಿದ್ದರಿಂದ ಬಂದವು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸೋದರಮಾವನ ಪಡಕ್ಕೆ ಹೋಗಿದ್ದೆ. ಹಿಂದಿನ ಸಂಜೆ ಗಂಧಕ ಹೊಡೆದಿದ್ದರು. ಮಧ್ಯಾಹ್ನದ ಬಿಸಿಲಿಗೆ ನೆರಳೆಂದು ಚಪ್ಪರದ ಕೆಳಗೆ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರು. ಸಂಜೆಗೆ ನನ್ನ ಅಕ್ಕನ ಮಗಳ ಕಣ್ಣು ಕೆಂಡದಂತಾಗಿ ರೆಪ್ಪೆ ತೆರೆಯಲಾಗಲಿಲ್ಲ. ತಣ್ಣೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆದೆವು, ರಾತ್ರಿಗೆ ಇಳಿಯಿತು. ಗಂಧಕವೆಂದರೆ ಎಲ್ಲಕ್ಕಿಂತ ಸೌಮ್ಯ ಎಂದು ಊರಿನವರಿಗೆ ಹೇಳುತ್ತಿದ್ದವನೇ ನಾನು, ನನ್ನವರನ್ನೇ ತಡೆಯಲಿಲ್ಲವಲ್ಲ ಎಂಬ ಕೊರಗು ಇನ್ನೂ ಇದೆ. ಆ ಹುಡುಗಿಗೆ ಉಬ್ಬಸವಿದ್ದಿದ್ದರೆ ಏನಾಗುತ್ತಿತ್ತೋ.

ನಿಮ್ಮ ಮಗಳಿಗೆ ಉಬ್ಬಸವಿದೆ. ಆದ್ದರಿಂದ ಔಷಧಿ ಹೊಡೆದ ದಿನ, ಅದರ ಮರುದಿನ ಮಕ್ಕಳು ಆ ಪಡದೊಳಗೆ ಹೋಗುವುದು ಬೇಡ. ಪಕ್ಕದ ಹೊಲದವರು ಹೊಡೆಯುವಾಗ ಗಾಳಿ ನಿಮ್ಮ ಕಡೆಗಿದ್ದರೆ ಕಿಟಕಿ ಮುಚ್ಚಿ ಒಳಗಿರಿ. ಹೆಚ್ಚಿನವರು ಬೆಳಗ್ಗೆ ಇಲ್ಲವೇ ಇಳಿಹೊತ್ತಿಗೆ ಹೊಡೆಯುತ್ತಾರೆ, ಕಾರನ್ನು ಬ್ಲೋವರ್ ತಿರುಗುವ ದಾರಿಯಿಂದ ದೂರ ನಿಲ್ಲಿಸಿ. ಡ್ರಿಪ್ ಟ್ಯಾಂಕಿನ ನೀರಿನಲ್ಲಿ ಮಕ್ಕಳು ಕೈಕಾಲು ತೊಳೆಯದಿರಲಿ, ಅದರಲ್ಲಿ ಗೊಬ್ಬರ, ಔಷಧಿ ಕಲಸಿರಬಹುದು. ಇನ್ನು ಕೃಷಿ ಹೊಂಡ. ತಿಕೋಟಾ, ಬಬಲೇಶ್ವರ ಕಡೆ ಬಹಳಷ್ಟು ಪಡಗಳಿಗೆ ಪ್ಲಾಸ್ಟಿಕ್ ಹಾಸಿದ ಹೊಂಡವಿದೆ. ಆ ಹಾಳೆಯ ಮೇಲೆ ಜಾರಿದರೆ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಔಷಧಿಗಿಂತ ನನಗೆ ನಿಮ್ಮ ಎರಡು ವರ್ಷದ ಮಗ ಮತ್ತು ಆ ಹೊಂಡದ್ದೇ ಹೆಚ್ಚಿನ ಚಿಂತೆ. ಬೇಲಿ ಇದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಅವನ ಹಿಂದೆ ಒಬ್ಬರು ಸದಾ ಇರಲೇಬೇಕು.

ಅದೇ ಮಗನಿಗೆ ಇಡೀ ಕಾಳು ಕೊಡಬೇಡಿ. ದುಂಡಗಿನ ನುಣುಪು ಹಣ್ಣು ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ಐದು ವರ್ಷದ ಒಳಗಿನವರಿಗೆ ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಿ ಕೊಡಬೇಕು. ಓಡುವ ಕಾರಿನಲ್ಲಿ ಮಗಳಿಗೂ ಬೇಡ.

ಮನೂಕದ ಶೆಡ್ಡಿನ ಮಾತು ಬೇರೆ. ಮಾರ್ಚ್‌ನಲ್ಲಿ ಹೋದರೆ ಅದೇ ಅಲ್ಲಿನ ದೊಡ್ಡ ನೋಟ. ಹಸಿ ಹಣ್ಣನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಶೆಡ್ಡಿನ ನೆರಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಆ ನೀರು ಸಿಪ್ಪೆಯ ಮೇಣವನ್ನು ಸಡಿಲಿಸುತ್ತದೆ, ಒಳಗಿನ ನೀರು ಆರಲು ದಾರಿಯಾಗುತ್ತದೆ. ಹದಿನೈದು ದಿನದ ಆಚೀಚೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮನೂಕವಾಗುತ್ತದೆ. ನೆರಳಲ್ಲಿ ಹೀಗೆ ಒಣಗಿದ್ದು ತಾನಾಗಿ ಹಸಿರು ಬೆರೆತ ಹಳದಿಯಾಗಿರುತ್ತದೆ, ಅದಕ್ಕೆ ಗಂಧಕ ಬೇಕಿಲ್ಲ. ಆದರೆ ಮಾರುಕಟ್ಟೆ ಚಿನ್ನದ ಬಣ್ಣ ಕೇಳುವುದರಿಂದ ಹಲವರು ಮುಚ್ಚಿದ ಕೋಣೆಯಲ್ಲಿ ಗಂಧಕ ಸುಟ್ಟು ಹೊಗೆ ಕೊಡುತ್ತಾರೆ. ಆ ಹೊಗೆ ಸಲ್ಫರ್ ಡೈಆಕ್ಸೈಡ್. ಉಬ್ಬಸದವರಿಗೆ ಅದು ತೀರಾ ಕೆಟ್ಟ ಗಾಳಿ. ಹೊಗೆ ಹಾಕುವ ಹೊತ್ತಿಗೆ, ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ಮಗಳು ಆ ಸುತ್ತ ಸುಳಿಯಬಾರದು. ಬರೀ ಒಣಗಿಸುವ ರ್ಯಾಕ್ ಇರುವ ತೆರೆದ ಶೆಡ್ಡಾದರೆ ನೋಡಿ ಬರಲಿ. ಮನೂಕ ಜಾಡಿಸುವಾಗ ಏಳುವ ದೂಳಿನಿಂದಲೂ ದೂರವಿರಲಿ. ಇನ್‌ಹೇಲರ್ ಡಿಕ್ಕಿಯ ಬ್ಯಾಗಿನಲ್ಲಿ ಬೇಡ, ನಿಮ್ಮ ಕೈಚೀಲದಲ್ಲಿರಲಿ.

ತಿನ್ನುವ ವಿಷಯದಲ್ಲೂ ಅಷ್ಟೇ. ಗಂಧಕದ ಹೊಗೆ ತಾಗಿದ ಮನೂಕದಲ್ಲಿ ಸಲ್ಫೈಟ್ ಉಳಿದಿರುತ್ತದೆ, ಕೆಲವು ಉಬ್ಬಸದ ಮಕ್ಕಳಿಗೆ ತಿಂದ ಕೆಲವೇ ನಿಮಿಷದಲ್ಲಿ ಎದೆ ಬಿಗಿಯುತ್ತದೆ. ಪೊಟ್ಟಣದ ಮನೂಕದಲ್ಲಾದರೆ ಚೀಟಿಯ ಮೇಲೆ ಸಲ್ಫೈಟ್ ಎಂದು ಬರೆಯಬೇಕಾದ ನಿಯಮವಿದೆ, ಮನೆಯಲ್ಲಿ ಗೋಣಿಚೀಲದಿಂದ ತೆಗೆದುಕೊಟ್ಟದ್ದಕ್ಕೆ ಚೀಟಿ ಎಲ್ಲಿಂದ ಬರಬೇಕು? “ಹೊಗಿ ಹಾಕದ್ದು ಒಂದ್ ಎರಡ ಕಿಲೋ ತಗದಿಡು ಚಿಗವ್ವ” ಎಂದು ಈಗಲೇ ಹೇಳಿಡಿ. ಹೊಗೆ ಕೊಡುವ ಮುಂಚೆ ರ್ಯಾಕಿನಿಂದ ತೆಗೆದಿಡುವುದು ಆಕೆಗೆ ಕಷ್ಟವಲ್ಲ. ಬಣ್ಣ ಮಂಕಾಗಿರುತ್ತದೆ, ರುಚಿ ಒಂದು ತೂಕ ಹೆಚ್ಚೇ.

ಅತ್ತೆಯವರ ವಿಷಯ ಅವರ ವೈದ್ಯರದ್ದು, ಲೆಕ್ಕ ಮಾತ್ರ ನಾನು ಕೊಡಬಲ್ಲೆ. ನೂರು ಗ್ರಾಂ ಹಸಿ ದ್ರಾಕ್ಷಿಯಲ್ಲಿ ಪಿಷ್ಟ, ಸಕ್ಕರೆ ಎಲ್ಲ ಸೇರಿ ಸುಮಾರು 17–18 ಗ್ರಾಂ. ಮನೂಕದ ಮೂವತ್ತು ಗ್ರಾಂನ ಒಂದು ಹಿಡಿಯಲ್ಲಿ ಅದಕ್ಕಿಂತ ಹೆಚ್ಚು. ಚಹಾದ ಜೊತೆ ತಟ್ಟೆ ತುಂಬ ಮನೂಕ ಇಟ್ಟು “ತಿನ್ರಿ ಬೀಗ್ತಿ” ಎಂದು ಒತ್ತಾಯ ಮಾಡುವ ಮನೆ ಅದು. ಅತ್ತೆಯವರು ಮಾತಾಡುತ್ತ ಒಂದೊಂದಾಗಿ ಬಾಯಿಗೆ ಹಾಕಿಕೊಂಡರೆ ಅಳತೆ ತಪ್ಪುತ್ತದೆ. ಹಸಿ ಹಣ್ಣಿನ ಹತ್ತು ಹದಿನೈದು ಕಾಳು, ಊಟದ ಜೊತೆ, ಜೋಳದ ರೊಟ್ಟಿ ಒಂದು ಕಡಿಮೆ ಮಾಡಿ. ಇಷ್ಟನ್ನು ವೈದ್ಯರ ಮುಂದೆ ಇಟ್ಟು ಒಪ್ಪಿಗೆ ಕೇಳಿ.

ವೈನ್ ದ್ರಾಕ್ಷಿಯ ಎರಡು ಎಕರೆ. ಕೃಷ್ಣಾ ಕಣಿವೆಯ ನಮ್ಮ ಜಿಲ್ಲೆಗಳನ್ನು ರಾಜ್ಯದ 2007ರ ವೈನ್ ನೀತಿ ವೈನ್ ವಲಯವೆಂದು ಗುರುತಿಸಿದ ಮೇಲೆ ಇಂಥ ಕರಾರಿನ ಪಡಗಳು ಅಲ್ಲಲ್ಲಿ ಬಂದವು. ಆ ಹಣ್ಣು ತಿಂದರೆ ಅಮಲೇರುತ್ತದೆಯೇ ಎಂದು ನನ್ನನ್ನು ಗಂಭೀರವಾಗಿ ಕೇಳಿದವರಿದ್ದಾರೆ. ಏರುವುದಿಲ್ಲ. ರಸ ಹುಳಿತು ಯೀಸ್ಟ್ ಸಕ್ಕರೆಯನ್ನು ತಿಂದ ಮೇಲಷ್ಟೇ ಮದ್ಯ. ಗಿಡದ ಮೇಲಿರುವುದು ಬರೀ ಹಣ್ಣು. ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ಉಂಟು, ಸಿಹಿ ನಾವು ತಿನ್ನುವ ಹಣ್ಣಿಗಿಂತ ಹೆಚ್ಚು. ಆದರೆ ಕರಾರಿನ ಗೊಂಚಲು ಕಾರ್ಖಾನೆಯ ಲೆಕ್ಕದ್ದು, ಕಾಕಾ ತಾವಾಗಿ ಕಿತ್ತುಕೊಟ್ಟರೆ ರುಚಿ ನೋಡಿ.

ಕಾಕಾ ಮಾಡಿಟ್ಟ ವೈನ್ ತರಬೇಡಿ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕದ ಅಬಕಾರಿ ಕಾಯ್ದೆಯಡಿ ಅಪರಾಧ, ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ಕಾರಿನ ಸಮೇತ ನೀವು ತೊಂದರೆಗೆ ಸಿಲುಕುತ್ತೀರಿ. ಹುಳಿಯುವುದು ಮುಗಿಯದ ಬಾಟಲಿ ಬಿಸಿ ಡಿಕ್ಕಿಯಲ್ಲಿ ಒಡೆದದ್ದನ್ನೂ ಕಂಡಿದ್ದೇನೆ. “ಕಾರಿನಾಗ ಸಣ್ಣ ಮಕ್ಕಳದಾರ ಕಾಕಾ, ಬ್ಯಾಡ” ಎಂದರೆ ಅವರು ಒತ್ತಾಯ ಮಾಡಲಾರರು.

ಇಪ್ಪತ್ತು ಕಿಲೋ ಹಣ್ಣು ಧಾರಾಳವಾಗಿ ತನ್ನಿ, ತರುವ ಕ್ರಮ ತಿಳಿದಿರಲಿ. ಹೊರಡುವ ದಿನ ಬೆಳಗಿನ ತಂಪಿನಲ್ಲೇ ಕೊಯ್ಸಿ. ತೊಳೆಯಬೇಡಿ, ಮೇಣ ಹೋದರೆ ಮನೆ ಮುಟ್ಟುವಷ್ಟರಲ್ಲಿ ಬೂಷ್ಟು. ಒಂದೊಂದು ಡಬ್ಬದಲ್ಲಿ ಐದು ಕಿಲೋಗಿಂತ ಹೆಚ್ಚು ಬೇಡ, ತೊಟ್ಟು ಮೇಲಾಗಿ ಒಂದೇ ಪದರ. ಡಿಕ್ಕಿಗೆ ಹಾಕದೆ ಎಸಿ ತಾಗುವ ಹಿಂಬದಿಯ ನೆಲದ ಮೇಲಿಡಿ. ದ್ರಾಕ್ಷಿ ಮಾವಿನಂತೆ ಕೊಯ್ದ ಮೇಲೆ ಮಾಗುವ ಹಣ್ಣಲ್ಲ, ಹುಳಿ ಕಾಳು ಹುಳಿಯಾಗೇ ಉಳಿಯುತ್ತದೆ. ಹಾಗಾಗಿ ಗೊಂಚಲಿನ ತುದಿಯ ಕಾಳು ತಿಂದು ನೋಡಿ ಆರಿಸಿ, ಸಿಹಿ ಎಲ್ಲಕ್ಕಿಂತ ಕೊನೆಗೆ ಬರುವುದು ಅಲ್ಲಿಗೇ. ಚಿಗವ್ವ ರಫ್ತಿನ ಡಬ್ಬದಲ್ಲಿ ಕೊಟ್ಟರೆ ಅದರೊಳಗೊಂದು ತೆಳು ಹಾಳೆಯಿದೆಯೇ ನೋಡಿ. ಬೂಷ್ಟು ಬಾರದಿರಲೆಂದು ಇಡುವ ಆ ಹಾಳೆ ತೇವ ತಾಗಿದರೆ ಅದೇ ಸಲ್ಫರ್ ಡೈಆಕ್ಸೈಡ್ ಬಿಡುತ್ತದೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಮಗಳ ಕಾಲಬಳಿ ಅದು ಇರಬಾರದು, ತೆಗೆಸಿಬಿಡಿ. ಮನೆಯಲ್ಲಿ ಫ್ರಿಜ್ಜಿಗೆ ಹಾಗೇ ಇಟ್ಟು, ತಿನ್ನುವಾಗಷ್ಟೇ ಬೇಕಾದಷ್ಟು ಹಣ್ಣನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ ನಲ್ಲಿಯ ಕೆಳಗೆ ಕಾಳು ಕಾಳು ಉಜ್ಜಿ ತೊಳೆಯಿರಿ.

ದಾರಿಯ ಬಗ್ಗೆ ಒಂದೇ ಮಾತು. ಚಿತ್ರದುರ್ಗ, ಹೊಸಪೇಟೆ, ಇಳಕಲ್ ಮೇಲೆ ಬಂದರೂ ಹುಬ್ಬಳ್ಳಿ ಮೇಲೆ ಬಂದರೂ ಕೃಷ್ಣೆ ದಾಟುವಷ್ಟರಲ್ಲಿ ಕತ್ತಲಾಗದಂತೆ ಹೊರಡಿ. ಮಾರ್ಚ್ ಎಂದರೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಹಿಂದೆ ದೀಪವಿಲ್ಲದ, ಎರಡು ಟ್ರೇಲರ್ ಜೋಡಿಸಿದ ಕಬ್ಬಿನ ಟ್ರ್ಯಾಕ್ಟರ್ ರಾತ್ರಿಯಲ್ಲಿ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ.

ಇನ್ನು ಫೋನ್ ಮಾಡುವ ಬಗೆ. ಚಿಗವ್ವನಿಗೆ ಮೊದಲು ಹೋದ ವರ್ಷದ ಮಾತನ್ನು ತೆಗೆಯಿರಿ. ಗೊಂಚಲು ಕಸಿದದ್ದು ತಪ್ಪಾಯಿತು, ಹುಡುಗಿಯ ಎದೆಯ ಭಯಕ್ಕೆ ಹಾಗೆ ಮಾಡಿದೆ ಎಂದು ಹೇಳಿ. ಉಬ್ಬಸದ ವಿಷಯ ಆಕೆಗೆ ಗೊತ್ತಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಫೋನ್ ಕಾಕಾ ಕೈಗೆ ಕೊಡಿಸಿ ಕೇಳಿ: “ಕಾಕಾ, ಮಾರ್ಚ್ ಐದಕ್ಕ ಬರ್ತೀವಿ. ಅಷ್ಟರಾಗ ಯಾವ ಪ್ಲಾಟಿನ ಹಣ್ಣು ಮಕ್ಕಳಿಗೆ ತಿನ್ನಾಕ ಬರತೈತಿ?” ಹೀಗೆ ಕೇಳಿದರೆ ಅವರು ನೋಟ್‌ಬುಕ್ ತೆಗೆದೇ ಮಾತಾಡುತ್ತಾರೆ. ಅವಧಿ ಮುಗಿಯದ ಪ್ಲಾಟಿದ್ದರೆ ಅವರೇ “ಅದು ಬ್ಯಾಡ, ಮೂಡಣದಿಕ್ಕಿಂದು ತಿನ್ರಿ” ಎನ್ನುತ್ತಾರೆ. ಯಾವುದೂ ಆಗದಿದ್ದರೆ ಒಂದು ವಾರ ಮುಂದಕ್ಕೆ ಹೋಗಿ. ನೆನಪಿಲ್ಲ, ಬರೆದಿಟ್ಟಿಲ್ಲ ಎಂದರೆ ಆ ಸಲ ಮಕ್ಕಳಿಗೆ ಅಲ್ಲಿನ ಹಣ್ಣು ಬೇಡ, ಚಿಗವ್ವನ ಜೊತೆ ನಾಲ್ಕು ದಿನ ಇದ್ದು ಬನ್ನಿ.

ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಮಳೆ ಬಿತ್ತೇ ಎಂದು ವಿಚಾರಿಸಿ. ಫೆಬ್ರುವರಿ–ಮಾರ್ಚ್‌ನಲ್ಲಿ ಅಕಾಲದ ಮಳೆ, ಆಲಿಕಲ್ಲು ಬಿದ್ದರೆ ಒಡೆದ ಕಾಳಿನಿಂದ ಕೊಳೆ ಹಬ್ಬದಿರಲಿ ಎಂದು ಬೆಳೆಗಾರ ಅವತ್ತೇ ರಾತ್ರಿ ಬ್ಲೋವರ್ ತೆಗೆಯುತ್ತಾನೆ. ಹಾಗಾಗಿದ್ದರೆ ಆ ನೋಟ್‌ಬುಕ್ಕಿನಲ್ಲಿ ಹೊಸ ಸಾಲೊಂದು ಸೇರಿರುತ್ತದೆ, ನಿಮ್ಮ ದಿನದ ಲೆಕ್ಕ ಅಲ್ಲಿಂದ ಮತ್ತೆ ಶುರು.